ಕಾದಂಬರಿಯ ಕೊಡಗು, ಕಾಗದಪತ್ರಗಳ ಕೊಡಗು
‘ಚಿಕವೀರರಾಜೇಂದ್ರ’ವನ್ನು ಓದುವ ಬಗೆಯನ್ನು ಕುರಿತು ಒಂದು ವಿಚಾರ

1

ಐತಿಹಾಸಿಕ ಕಾದಂಬರಿಯೊಂದನ್ನು ಓದಿ ಕೆಳಗಿಟ್ಟವರು ಮೊದಲು ಕೇಳುವ ಪ್ರಶ್ನೆ ‘ಇದರಲ್ಲಿ ನಿಜವೆಷ್ಟು?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ದೊರೆಯುವ ಉತ್ತರಗಳು ಸಾಮಾನ್ಯವಾಗಿ ಎರಡು ಬಗೆ. ‘ಕಾದಂಬರಿ ಎಂದ ಮೇಲೆ ಕಟ್ಟುಕಥೆಯೇ; ಚರಿತ್ರೆ ಬೇಕಾದವರು ಚರಿತ್ರೆಯ ಗ್ರಂಥಗಳನ್ನು ಓದಲಿ’ ಎಂಬುದು ಒಂದು. ‘ಇಷ್ಟು ವಿವರವಾಗಿ ಬರೆದವರು ಕಂಡಂತೆಯೇ ಬರೆದಿದ್ದಾರೆ, ಇದಕ್ಕಿಂತ ಬೇರೆ ಚರಿತ್ರೆ ಏತಕ್ಕೆ?’ ಎಂಬುದು ಇನ್ನೊಂದು. ಮೊದಲನೆಯದರಿಂದ ಕಾದಂಬರಿಕಾರನ ಶ್ರಮಕ್ಕೆ ಅನ್ಯಾಯವಾಗುತ್ತದೆ. ಎರಡನೆಯದರಿಂದ, ತಮ್ಮ ಪರವಾಗಿ ಮಾತನಾಡಲು ಈಗ ಯಾರೂ ಇಲ್ಲದ, ಎಂದೋ ಕಾಲವಾದ ಜನರಿಗೆ ಅನ್ಯಾಯವಾಗುತ್ತದೆ. ಈ ಎರಡರ ನಡುವೆ ಓದುಗನು ಹಿಡಿಯಬಹುದಾದ ದಾರಿ ಯಾವುದು ಎಂಬುದನ್ನು ಒಂದು ಪ್ರಸಿದ್ಧ ಕಾದಂಬರಿಯ ಮೂಲಕ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಇದಕ್ಕೆ ಪ್ರೇರಣೆಯಾದ ಸಂದರ್ಭವನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಸಂಘದ ವಾಚನಾಲಯದಲ್ಲಿ ಕೆಲವು ಮಂದಿ ಸೇರಿ ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರರಾಜೇಂದ್ರ’ವನ್ನು ಓದುತ್ತಿದ್ದೆವು. ಓದು ಮುಗಿದ ಸಂಜೆ, ಕೊಡಗಿನಿಂದ ಬಂದು ಈ ಊರಿನಲ್ಲಿಯೇ ನೆಲೆಸಿರುವ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: ‘ನನ್ನ ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಇದನ್ನು ಇಂಗ್ಲಿಷಿನಲ್ಲಿ ಓದಿದ್ದಾಳೆ. ಓದಿ, ಅಜ್ಜಾ, ನಮ್ಮವರೇ ನಾಡನ್ನು ಪರರ ಕೈಗೆ ಕೊಟ್ಟರಂತಲ್ಲ, ಹೌದೇ ಎಂದು ಕೇಳಿದಳು. ನಾನು ಏನು ಹೇಳಲಿ, ಸ್ವಾಮಿ?’ ಆ ಸಂಜೆ ಯಾರೂ ಅವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಮುಂದಿನ ಪುಟಗಳು ಆ ಉತ್ತರವನ್ನು ಹುಡುಕುವ ಪ್ರಯತ್ನ.

2

ಕಾದಂಬರಿಯು ಪ್ರಕಟವಾದದ್ದು 1956ರಲ್ಲಿ. ಇದಕ್ಕಾಗಿ ಮಾಸ್ತಿಯವರಿಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು. ಶ್ರೀ ರಾಮಚಂದ್ರ ಶರ್ಮರು ಮಾಡಿದ ಇಂಗ್ಲಿಷ್ ಭಾಷಾಂತರವು 1992ರಲ್ಲಿ ಹೊರಬಂದಿತು. ಮಾಸ್ತಿಯವರು ಇದಕ್ಕೆ ಮುಂಚೆ ಬಿದನೂರಿನ ಅಳಿವನ್ನು ಕುರಿತು ‘ಚನ್ನಬಸವನಾಯಕ’ವನ್ನು ಬರೆದಿದ್ದರು. ಎರಡು ಕಥೆಗಳ ವಸ್ತುವೂ ಒಂದೇ: ಒಂದು ಕನ್ನಡ ರಾಜ್ಯವು ಒಳಗಿನಿಂದ ಸಡಿಲವಾಗಿ ಹೊರಗಿನವರ ಕೈಸೇರುವುದು. ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956ರ ನವೆಂಬರ್ 1ರಂದು ವಿಶಾಲ ಮೈಸೂರಿನಲ್ಲಿ ಸೇರಿತು. ಕೊಡಗಿನ ಪ್ರತ್ಯೇಕ ಅಸ್ತಿತ್ವ ಮುಗಿದ ವರ್ಷದಲ್ಲಿಯೇ ಅದರ ಕೊನೆಯ ಅರಸನ ಕಥೆ ಹೊರಬಂದದ್ದು ಕಾಕತಾಳೀಯವಿರಬಹುದು. ಆದರೆ ಅಂದಿನ ವಾಚಕರ ಮನಸ್ಸಿನಲ್ಲಿ ಈ ಎರಡೂ ಒಟ್ಟಿಗೆ ಇದ್ದಿರಲೇಬೇಕು.

ಕಥೆಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಹಾಲೇರಿ ವಂಶದ ಅರಸರು ಲಿಂಗಾಯತರು. ಅವರು ಆಳಿದ ನಾಡಿನಲ್ಲಿ ಬಲವೂ ಭೂಮಿಯೂ ಉಳ್ಳವರು ಕೊಡವರು. ಆಸ್ಥಾನದ ಬರವಣಿಗೆ ನಡೆಯುತ್ತಿದ್ದದ್ದು ಕನ್ನಡದಲ್ಲಿ. ದೊಡ್ಡವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ನಾಡನ್ನು ಬಿಡಿಸಿಕೊಂಡನು. 1790ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಒಡಂಬಡಿಕೆ ಮಾಡಿಕೊಂಡನು. ಮರುವರ್ಷ ಮುಂಬಯಿಯ ಸೈನ್ಯವು ಜನರಲ್ ಅಬರ್‌ಕ್ರೋಂಬಿಯ ನೇತೃತ್ವದಲ್ಲಿ ಕೊಡಗಿನ ಮೂಲಕವೇ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಆ ಜನರಲನನ್ನು ಅರಸನು ಭೇಟಿಯಾದುದರ ನೆನಪಿಗೆ ಕಟ್ಟಿಸಿದ ಊರು ಇಂದಿನ ವೀರರಾಜಪೇಟೆ. ನಾಡನ್ನು ಉಳಿಸಿದ ಆ ಸ್ನೇಹವೇ ನಲವತ್ತು ವರ್ಷಗಳಲ್ಲಿ ನಾಡನ್ನು ನುಂಗಿತೆಂಬುದು ಈ ಚರಿತ್ರೆಯ ಮುಖ್ಯವಾದ ವಿಪರ್ಯಾಸ.

ದೊಡ್ಡವೀರರಾಜನಿಗೆ ಗಂಡುಮಕ್ಕಳಿರಲಿಲ್ಲ. 1809ರಲ್ಲಿ ಅವನು ತೀರಿಕೊಂಡಾಗ ಮಗಳು ದೇವಮ್ಮಾಜಿಗೆ ಪಟ್ಟವಾಯಿತು. ಆದರೆ 1811ರಲ್ಲಿ ಅವನ ತಮ್ಮ ಲಿಂಗರಾಜನು ಆ ಬಾಲೆಯನ್ನು ತಳ್ಳಿ ತಾನೇ ಅರಸನಾದನು. ಲಿಂಗರಾಜನ ಮಗನೇ ಚಿಕವೀರರಾಜೇಂದ್ರ. 1820ರಿಂದ 1834ರವರೆಗೆ ಆಳಿದವನು. ಅವನ ತಂಗಿಯ ಹೆಸರೂ ದೇವಮ್ಮಾಜಿ. ಆಕೆಯೂ ಆಕೆಯ ಗಂಡ ಚನ್ನಬಸವನೂ ಅರಸನಿಗೆ ಹೆದರಿ 1832ರಲ್ಲಿ ಮೈಸೂರಿಗೆ ಓಡಿ ಇಂಗ್ಲಿಷ್ ರೆಸಿಡೆಂಟನ ಮರೆಹೊಕ್ಕರು. ಅವರನ್ನು ಹಿಂದಕ್ಕೆ ಕಳುಹಿಸಬೇಕೆಂದು ಅರಸನ ಪಟ್ಟು. ಕಳುಹಿಸುವುದಿಲ್ಲವೆಂದು ಕಂಪೆನಿಯ ಪಟ್ಟು. ಈ ಜಗಳದ ನಡುವೆ ಕಂಪೆನಿಯು ಮಾತುಕತೆಗೆಂದು ಕಳುಹಿಸಿದ ಕರುಣಾಕರ ಮೇನೋನನನ್ನು ಅರಸನು ಹಿಡಿದಿರಿಸಿಕೊಂಡನು. 1834ರ ಮಾರ್ಚಿಯಲ್ಲಿ ಯುದ್ಧದ ಘೋಷಣೆಯಾಯಿತು. ಏಪ್ರಿಲ್ 6ರಂದು ಮಡಿಕೇರಿಯ ಕೋಟೆಯ ಮೇಲೆ ಕಂಪೆನಿಯ ಬಾವುಟ ಏರಿತು. ನಾಲ್ಕುನಾಡಿನ ಅರಮನೆಗೆ ಹಿಂದೆಗೆದಿದ್ದ ಅರಸನು ಏಪ್ರಿಲ್ 10ರಂದು ಶರಣಾದನು. ಮೇ 7ರಂದು ಕೊಡಗು ಕಂಪೆನಿಯ ಸೀಮೆಯಾಯಿತೆಂದು ಸಾರಲಾಯಿತು. ಕಾದಂಬರಿಯು ಹೇಳುವುದು ಈ ಕೊನೆಯ ಘಟ್ಟದ ಕಥೆಯನ್ನು.

3

ಈ ಗ್ರಂಥವನ್ನು ಮೊದಲ ಬಾರಿಗೆ ಓದುವವರು ‘ಜನ ಬಹಳ, ಹೆಸರುಗಳು ಬಹಳ, ಮಾತು ಬಹಳ’ ಎಂದು ದೂರುವುದುಂಟು. ದೂರಿನಲ್ಲಿ ಸತ್ಯವಿದೆ. ರಾಜ, ರಾಣಿ ಗೌರಮ್ಮ, ರಾಜಕುಮಾರಿ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಕುಂಟ ಬಸವ, ಉತ್ತಯ್ಯ ತಕ್ಕ, ದೀಕ್ಷಿತ, ಭಗವತಿ, ಇವರಲ್ಲದೆ ಇಂಗ್ಲಿಷರು, ವರ್ತಕರು, ಊರವರು ಎಲ್ಲರೂ ಇದ್ದಾರೆ. ಒಂದು ಸಂಗತಿ ನಡೆಯಬೇಕಾದರೆ ನಾಲ್ಕು ಜನ ನಾಲ್ಕು ಕಡೆ ಮಾತನಾಡಬೇಕು. ಯಾರು ಯಾರ ಮುಂದೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದರ ಮೇಲೆ ಕಥೆಯ ಗತಿ ನಿಂತಿದೆ.

ಈ ದಟ್ಟಣೆ ಅನಾವಶ್ಯಕವಾದುದಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದಲ್ಲಿ ದೀರ್ಘಕಾಲ ಅಧಿಕಾರಿಗಳಾಗಿದ್ದವರು. ಅಧಿಕಾರವು ಒಂದೇ ಪೆಟ್ಟಿಗೆ ಮುರಿಯುವುದಿಲ್ಲ, ಆಜ್ಞೆ ಹೊತ್ತ ಕೈಗಳು ಒಂದೊಂದಾಗಿ ಸಡಿಲವಾಗುವುದರಿಂದ ಮುರಿಯುತ್ತದೆ ಎಂಬುದನ್ನು ಅವರು ಬಲ್ಲರು. ಸಾಮಾನ್ಯ ಚರಿತ್ರೆಯ ಪುಸ್ತಕದಲ್ಲಿ ‘ಅರಸನ ದುರಾಡಳಿತದಿಂದ ಪ್ರಜೆಗಳು ಬೇಸತ್ತರು’ ಎಂದು ಒಂದು ವಾಕ್ಯವಿರುತ್ತದೆ. ಆ ಒಂದು ವಾಕ್ಯವು ನಡೆದುಹೋಗಬೇಕಾದರೆ ಎಷ್ಟು ಮನೆಗಳಲ್ಲಿ ಎಷ್ಟು ರಾತ್ರಿ ನಿದ್ದೆ ಕೆಡಬೇಕು ಎಂಬುದನ್ನು ಕಾದಂಬರಿ ತೋರಿಸುತ್ತದೆ. ಬೇಸತ್ತವನು ಅರಸನನ್ನು ಬಿಡುವುದು ಸುಲಭವೂ ಅಲ್ಲ; ಅನ್ನದ ಋಣ, ಮನೆತನದ ಮಾತು, ದೈವದ ಭಯ ಎಲ್ಲವೂ ಅಡ್ಡ ಬರುತ್ತವೆ.

ಆದುದರಿಂದ ಇಂತಹ ಗ್ರಂಥವನ್ನು ಎರಡು ಸಾರಿ ಓದಬೇಕೆಂದು ನನ್ನ ಸೂಚನೆ. ಮೊದಲನೆಯ ಸಾರಿ, ಒಂದು ಕಾಗದದ ಮೇಲೆ ಹಾಲೇರಿ ವಂಶಾವಳಿಯನ್ನು ಬರೆದಿಟ್ಟುಕೊಂಡು, ದೊಡ್ಡವೀರರಾಜ, ಅಪ್ಪಾಜಿ, ಲಿಂಗರಾಜ ಎಂಬ ಸೋದರರನ್ನೂ ಅವರ ಮಕ್ಕಳನ್ನೂ ಕಣ್ಣ ಮುಂದಿರಿಸಿಕೊಂಡು, ಕಥೆಗಾಗಿಯೇ ಓದಬೇಕು. ಎರಡನೆಯ ಸಾರಿ ಪೆನ್ಸಿಲು ಹಿಡಿದು ಓದಬೇಕು. ಪ್ರತಿಯೊಂದು ಮುಖ್ಯ ಸಂಗತಿಯ ಪಕ್ಕದಲ್ಲಿಯೂ ‘ಇದು ಯಾರ ಸಾಕ್ಷ್ಯ?’ ಎಂಬ ಪ್ರಶ್ನೆಯನ್ನು ಇಡಬೇಕು. ‘ನಿಜವೆಷ್ಟು?’ ಎಂಬ ಪ್ರಶ್ನೆಗಿಂತ ಇದು ಹೆಚ್ಚು ಫಲಕಾರಿ.

ಹಾಗೆ ಕೇಳಿದಾಗ ಕಾದಂಬರಿಯ ಸಂಗತಿಗಳು ಮೂರು ರಾಶಿಯಾಗಿ ಬೀಳುತ್ತವೆ. ಎರಡು ಪಕ್ಷಗಳ ಕಾಗದಪತ್ರಗಳಿಂದಲೂ ಸಿದ್ಧವಾಗುವವು ಒಂದು. ಗೆದ್ದವರ ಬರಹದಲ್ಲಿ ಮಾತ್ರ ಕಾಣುವವು ಎರಡು. ಕಾದಂಬರಿಕಾರನೇ ತಂದವು ಮೂರು. ಒಂದೊಂದಕ್ಕೂ ಒಂದು ಉದಾಹರಣೆಯನ್ನು ನೋಡೋಣ.

4

ಮೊದಲನೆಯದು ಬೋಪಣ್ಣ. ಕಾದಂಬರಿಯ ಈ ಮಂತ್ರಿ ಚರಿತ್ರೆಯ ಅಪ್ಪಾರಂಡ ಬೋಪು ದಿವಾನ. ಇವನು ಅರಸನನ್ನು ಬಿಟ್ಟು ಇಂಗ್ಲಿಷರ ಕಡೆ ಸೇರಿದನೆಂಬುದು, ಅವರ ಸೈನ್ಯವು ಮಡಿಕೇರಿಗೆ ಬರಲು ಅನುಕೂಲನಾದನೆಂಬುದು, ಅನಂತರವೂ ದಿವಾನನಾಗಿ ಮುಂದುವರಿದನೆಂಬುದು ದಾಖಲೆಯಿಂದ ನಿಶ್ಚಿತ. ಇಲ್ಲಿ ಕಾದಂಬರಿಕಾರರು ಏನನ್ನೂ ಕಟ್ಟಬೇಕಾಗಿರಲಿಲ್ಲ. ಆದರೆ ದಾಖಲೆ ಹೇಳುವುದು ಅವನು ಏನು ಮಾಡಿದನೆಂಬುದನ್ನು. ಮಾಡುವ ಮೊದಲು ಎಷ್ಟು ದಿನ ತಡೆದನು, ಯಾವುದಕ್ಕೆ ಅಂಜಿದನು ಎಂಬುದನ್ನು ಅದು ಹೇಳಲಾರದು. ಮಾಸ್ತಿಯವರ ಬೋಪಣ್ಣ ಸ್ವಾರ್ಥಿಯೂ ಅಲ್ಲ, ಹೇಡಿಯೂ ಅಲ್ಲ. ಅರಸನಿಗೂ ನಾಡಿಗೂ ಒಟ್ಟಿಗೆ ನಿಷ್ಠೆಯಿಂದಿರುವುದು ಅಸಾಧ್ಯವಾದಾಗ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದ ಮನುಷ್ಯ. ಈ ಒಳಗಿನ ಚಿತ್ರವು ಕಲ್ಪನೆ. ಆದರೆ ಹೊರಗಿನ ಘಟನೆಗಳಿಗೆ ಅದು ಎಲ್ಲಿಯೂ ವಿರೋಧವಾಗಿಲ್ಲ. ಇಂತಹ ಕಲ್ಪನೆಯನ್ನು ಚರಿತ್ರಕಾರನು ತಳ್ಳಿಹಾಕಬೇಕಾದುದಿಲ್ಲ. ಸಾಧ್ಯವಾದ ಒಂದು ವಿವರಣೆಯೆಂದು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಎರಡನೆಯದು ಅರಸನೇ. ಚಿಕವೀರರಾಜನು ಕ್ರೂರಿ, ವಿಷಯಲಂಪಟ, ಬಂಧುಗಳನ್ನು ಕೊಲ್ಲಿಸಿದವನು ಎಂಬ ಚಿತ್ರವು ನಮಗೆ ಮುಖ್ಯವಾಗಿ ಬಂದದ್ದು ಹೆರ್ಮನ್ ಮೋಗ್ಲಿಂಗನ ಗ್ರಂಥದಿಂದ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ ಈ ಬಾಸೆಲ್ ಮಿಶನ್ನಿನ ವಿದ್ವಾಂಸನು ಕನ್ನಡಕ್ಕೆ ಮಾಡಿದ ಸೇವೆಯನ್ನು ನಾವು ಮರೆಯುವಂತಿಲ್ಲ. ಆದರೆ ಕೊಡಗನ್ನು ಕುರಿತ ಅವನ ಗ್ರಂಥ ಅಚ್ಚಾದುದು 1855ರಲ್ಲಿ. ಅಂದರೆ ಅರಸನು ಪದಚ್ಯುತನಾಗಿ ಇಪ್ಪತ್ತೊಂದು ವರ್ಷಗಳಾದ ಮೇಲೆ. ಅವನು ಬರೆದದ್ದು ಕಂಪೆನಿಯ ಆಡಳಿತದ ಕೆಳಗೆ. ಅವನಿಗೆ ಕಥೆ ಹೇಳಿದವರು ಆ ಆಡಳಿತದಲ್ಲಿ ಬಾಳುತ್ತಿದ್ದವರು. ಅನಂತರ 1870ರಲ್ಲಿ ರಿಕ್ಟರನೂ, 1878ರಲ್ಲಿ ಲೂಯಿ ರೈಸನೂ ತಮ್ಮ ಗ್ರಂಥಗಳಲ್ಲಿ ಬಹುಮಟ್ಟಿಗೆ ಮೋಗ್ಲಿಂಗನ ಜಾಡನ್ನೇ ಹಿಡಿದರು. ಹೀಗೆ ಒಂದೇ ಸಾಕ್ಷಿಯ ಮಾತು ಮೂರು ಪುಸ್ತಕಗಳಲ್ಲಿ ಬಂದುದರಿಂದ ಮೂರು ಸಾಕ್ಷಿಗಳಿದ್ದಂತೆ ನಮಗೆ ತೋರುತ್ತದೆ.

ಹಾಗೆಂದು ಅರಸನು ನಿರಪರಾಧಿಯೆಂದು ಸಾಧಿಸಲು ನಾನು ಹೊರಟಿಲ್ಲ. ತಂಗಿಯೇ ಪ್ರಾಣಭಯದಿಂದ ನಾಡು ಬಿಟ್ಟು ಓಡಿದ್ದು ಸಣ್ಣ ಮಾತಲ್ಲ. ಲಿಂಗರಾಜನ ಕಾಲದಿಂದಲೂ ಸಿಂಹಾಸನದ ಸುತ್ತ ರಕ್ತದ ಕಲೆಯಿತ್ತು. ಆದರೆ ದುಷ್ಟನಾದ ಅರಸನೂ ತನ್ನ ಮೇಲಿನ ಆಪಾದನೆಪಟ್ಟಿಯನ್ನು ಬರೆದವರು ಯಾರೆಂದು ಕೇಳುವ ಹಕ್ಕುಳ್ಳವನು. ಆ ಪಟ್ಟಿಯನ್ನು ಬರೆದವರಿಗೆ ಅವನ ರಾಜ್ಯವೂ ಅವನ ಹಣವೂ ಬೇಕಾಗಿದ್ದವು. ಮಾಸ್ತಿಯವರು ಅರಸನ ಕೇಡನ್ನು ಮುಚ್ಚಿಡುವುದಿಲ್ಲ; ಆದರೆ ಆ ಕೇಡಿನ ಹಿಂದೆ ಒಬ್ಬ ಮನುಷ್ಯನನ್ನು ಇಡುತ್ತಾರೆ. ಮೋಗ್ಲಿಂಗನಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದು ದಿವಾನಗಿರಿಗೆ ಏರಿದವನಾಗಿ ಕಾಣುವ ಕುಂಟ ಬಸವನು ಕಾದಂಬರಿಯಲ್ಲಿ ಲಿಂಗರಾಜನಿಗೇ ಭಗವತಿಯಲ್ಲಿ ಹುಟ್ಟಿದ ಮಗನಾಗುತ್ತಾನೆ. ಹಾಗಾಗಿ ಅರಸನ ಕೇಡಿನ ಸಂಗಾತಿ ಅವನ ಅಣ್ಣನೇ ಆಗುತ್ತಾನೆ. ತಂದೆ ಬಿತ್ತಿದ್ದನ್ನು ಇಬ್ಬರು ಮಕ್ಕಳೂ ಉಣ್ಣುತ್ತಾರೆ. ಇದನ್ನು ದಾಖಲೆಯೆಂದು ಯಾರೂ ಎಣಿಸಬಾರದು. ಇದು ಕವಿಯ ನ್ಯಾಯ. ಗೆದ್ದವರ ಪಟ್ಟಿಯಲ್ಲಿ ಬರಿಯ ಹೆಸರಾಗಿದ್ದವನಿಗೆ ಕಾದಂಬರಿಯು ಒಂದು ಜನ್ಮವನ್ನು ಕೊಟ್ಟಿತು.

ಮೂರನೆಯದು ರಾಜಕುಮಾರಿ. ಕಾದಂಬರಿಯಲ್ಲಿ ಮಡಿಕೇರಿಯ ಅರಮನೆಯಲ್ಲಿಯೇ ಅರಸನ ಮಗಳು ಪುಟ್ಟಮ್ಮನನ್ನು ಕಾಣುತ್ತೇವೆ. ಅರಸನ ಮಗಳೆಂದು ಚರಿತ್ರೆಯಲ್ಲಿ ಪ್ರಸಿದ್ಧಳಾದವಳು ಗೌರಮ್ಮ. 1852ರಲ್ಲಿ ಅರಸನು ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಅವಳಿಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ದೀಕ್ಷಾಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಈ ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಅಂದರೆ ಕೊಡಗು ಹೋಗಿ ಏಳು ವರ್ಷಗಳಾದ ಮೇಲೆ. ಅವಳು ಮಡಿಕೇರಿಯ ಅರಮನೆಯನ್ನು ಕಂಡವಳೇ ಅಲ್ಲ. ಅರಸನಿಗೆ ಹಲವು ಮಂದಿ ಪತ್ನಿಯರೂ ಮಕ್ಕಳೂ ಇದ್ದುದರಿಂದ ಆ ಅರಮನೆಯಲ್ಲಿ ಒಬ್ಬ ರಾಜಕುಮಾರಿ ಇರಬಾರದೆಂದೇನೂ ಇಲ್ಲ. ಆದರೆ ಓದುಗನು ಈ ಹುಡುಗಿಯನ್ನೂ ವಿಕ್ಟೋರಿಯಾಳ ಮಡಿಲಿನ ಗೌರಮ್ಮನನ್ನೂ ಒಬ್ಬಳೆಂದೇ ಭಾವಿಸಿದರೆ ತಪ್ಪಾಗುತ್ತದೆ. ಕಾದಂಬರಿಗೆ ಅರಮನೆಯಲ್ಲಿ ಒಂದು ನಿರ್ಮಲವಾದ ಬಾಲಜೀವ ಬೇಕಾಗಿತ್ತು. ಕಾಲಗಣನೆಯು ಅದಕ್ಕೆ ಎಡೆ ಬಿಟ್ಟುಕೊಟ್ಟಿತು. ಇದನ್ನು ದೋಷವೆನ್ನುವುದಕ್ಕಿಂತ ಗುರುತಿಸಿಟ್ಟುಕೊಳ್ಳುವುದು ಮುಖ್ಯ.

5

ಇನ್ನು ನಮ್ಮ ಹಿರಿಯರ ಮೊಮ್ಮಗಳ ಪ್ರಶ್ನೆಗೆ ಬರೋಣ. ಕೊಡಗಿನವರೇ ನಾಡನ್ನು ಪರರ ಕೈಗೆ ಕೊಟ್ಟರೇ?

ಕೊಟ್ಟರೆಂದು ಮೊದಲು ಬರೆದವರು ಕಂಪೆನಿಯವರು. ಮೇ 7ರ ಘೋಷಣೆಯನ್ನು ಹೊರಡಿಸಿದವನು ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರ್. ಗವರ್ನರ್ ಜನರಲ್ ಆಗಿದ್ದವನು ಲಾರ್ಡ್ ವಿಲಿಯಂ ಬೆಂಟಿಂಕ್. ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಈ ನಾಡನ್ನು ಕಂಪೆನಿಯ ಆಳ್ವಿಕೆಗೆ ಸೇರಿಸಿಕೊಳ್ಳಲಾಗಿದೆ ಎಂಬುದು ಅದರ ತಾತ್ಪರ್ಯ. ಕಾದಂಬರಿಯನ್ನು ಮೇಲೆ ಮೇಲೆ ಓದಿದವರಿಗೆ ಅದೂ ಇದನ್ನೇ ಹೇಳಿದಂತೆ ತೋರಬಹುದು. ಅರಸನು ಕೆಟ್ಟವನು, ಮಂತ್ರಿಗಳು ಬೇಸತ್ತರು, ಇಂಗ್ಲಿಷರು ಬಂದರು, ಅಲ್ಲಿಗೆ ಕಥೆ ಮುಗಿಯಿತು.

ಆದರೆ ಯುದ್ಧದ ವೃತ್ತಾಂತವನ್ನು ಪಕ್ಕದಲ್ಲಿಟ್ಟುಕೊಂಡರೆ ‘ಒಮ್ಮತ’ವೆಂಬ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಕಂಪೆನಿಯ ಸೈನ್ಯವು ಹಲವು ದಂಡುಗಳಾಗಿ ಹಲವು ದಿಕ್ಕುಗಳಿಂದ ಬಂದಿತು. ಪೂರ್ವದಿಂದ ಕರ್ನಲ್ ಲಿಂಡ್ಸೆಯ ದಂಡು, ಅದರ ಜೊತೆಯಲ್ಲಿ ಫ್ರೇಸರ್, ಮಡಿಕೇರಿಯನ್ನು ಸೇರಿತು. ಆದರೆ ಉತ್ತರದಿಂದ ಬಂದ ಕರ್ನಲ್ ವಾನ ದಂಡನ್ನು ಕೊಡಗಿನ ಪಡೆಯು ಕಾಡಿನ ಕಟ್ಟೆಯೊಂದರ ಮುಂದೆ ಏಪ್ರಿಲ್ 3ರಂದು ತಡೆದು ಹಿಮ್ಮೆಟ್ಟಿಸಿತು. ಅಲ್ಲಿ ಬಿದ್ದವರಲ್ಲಿ ಲೆಫ್ಟೆನೆಂಟ್ ಕರ್ನಲ್ ಮಿಲ್ ಒಬ್ಬನು. ಮಂಗಳೂರಿನ ಕಡೆಯಿಂದ ಹತ್ತಿಬಂದ ದಂಡೂ ಪೆಟ್ಟು ತಿಂದು ಹಿಂದಿರುಗಿತು. ಅರಸನು ನಾಲ್ಕುನಾಡಿಗೆ ಹೋಗಿ ಕುಳಿತ ಮೇಲೆಯೂ ಕಣಿವೆಗಳಲ್ಲಿ ಪ್ರಾಣಕೊಟ್ಟು ಕಾದಿದ ಈ ಜನರು ಯಾರು? ಅವರ ಇಚ್ಛೆಯನ್ನು ಯಾರು ಕೇಳಿದರು? ಒಮ್ಮತದ ಘೋಷಣೆಯಲ್ಲಿ ಅವರಿಗೆ ಸ್ಥಾನವಿಲ್ಲ.

ಇನ್ನೂ ಮೂರು ವರ್ಷ ಮುಂದೆ ಹೋಗೋಣ. 1834ರಲ್ಲಿಯೇ ಸುಳ್ಯ, ಪುತ್ತೂರು ಪ್ರದೇಶಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ಹಣದ ರೂಪದಲ್ಲಿ ಕಟ್ಟಬೇಕಾಯಿತು. ಹಣಕ್ಕಾಗಿ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ಹಾಲೇರಿ ಅರಸರ ಬಂಧುಗಳೆಂದು ಹೇಳಿಕೊಂಡ ಸನ್ಯಾಸಿಗಳು ಒಬ್ಬರ ಹಿಂದೆ ಒಬ್ಬರು ಕಾಣಿಸಿಕೊಂಡರು. ಮೊದಲು ಅಪರಂಪರಸ್ವಾಮಿ, ಅನಂತರ ಕಲ್ಯಾಣಸ್ವಾಮಿ. 1837ರ ವಸಂತದಲ್ಲಿ ಅಮರಸುಳ್ಯದಲ್ಲಿ ಎದ್ದ ದಂಗೆಯವರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮಂಗಳೂರಿಗೆ ನುಗ್ಗಿ ಕೆಲವು ದಿನ ಪಟ್ಟಣವನ್ನು ಹಿಡಿದಿದ್ದರು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿ ಬೋಪಣ್ಣನ ಜೊತೆಗಾರನಾದ ಲಕ್ಷ್ಮೀನಾರಾಯಣಯ್ಯನ ಚರಿತ್ರೆಯ ಮೂಲಪುರುಷನಾದ ದಿವಾನನು ಈ ದಂಗೆಯ ಸಂಬಂಧದಲ್ಲಿ ಸೆರೆಯಾದನು. ಬೋಪು ದಿವಾನನು ಕಂಪೆನಿಯ ಪರವಾಗಿ ನಿಂತನು. ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪೆನಿಯು ಪದಕಗಳನ್ನು ಹಂಚಿತು. 1834ರಲ್ಲಿ ಒಂದೇ ಸಭೆಯಲ್ಲಿ ಕುಳಿತ ಇಬ್ಬರು ಮಂತ್ರಿಗಳಲ್ಲಿ 1837ರಲ್ಲಿ ಒಬ್ಬನು ಸೆರೆಮನೆಗೆ ಹೋದನು, ಒಬ್ಬನು ಮನ್ನಣೆ ಪಡೆದನು. ಇದಕ್ಕಿಂತ ಬೇರೆ ‘ಒಮ್ಮತ’ದ ಪರೀಕ್ಷೆ ಬೇಕಿಲ್ಲ.

ಮಾಸ್ತಿಯವರ ಕಥೆ ಇರುವುದು 1834ರ ಸುತ್ತ. ದಂಗೆಯ ಕಥೆಯನ್ನು ನಿರಂಜನರು ‘ಕಲ್ಯಾಣಸ್ವಾಮಿ’ಯಲ್ಲಿ ಬರೆದಿದ್ದಾರೆ. ಮೊದಲನೆಯದು ಅರಮನೆಯ ಒಳಗಿನಿಂದ ನೋಡಿದ ಪತನ. ಎರಡನೆಯದು ಗದ್ದೆಯ ಅಂಚಿನಿಂದ ನೋಡಿದ ಪ್ರತಿಭಟನೆ. ಎರಡನ್ನೂ ಒಟ್ಟಿಗೆ ಓದಿದಲ್ಲದೆ ಕೊಡಗಿನ ಆ ಮೂರು ವರ್ಷಗಳು ನಮಗೆ ಪೂರ್ಣವಾಗಿ ದಕ್ಕುವುದಿಲ್ಲ.

ಹಾಗಾದರೆ ಆ ಹುಡುಗಿಗೆ ಹೇಳಬೇಕಾದುದೇನು? ‘ನಮ್ಮವರು’ ಎಂಬ ಒಂದು ಗುಂಪು ಅಂದು ಇರಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಅರಸನಿಂದ ನೊಂದು ಹೊಸಬರನ್ನು ಕರೆದವರು ಇದ್ದರು. ಅರಸನನ್ನು ಮೆಚ್ಚದೆಯೂ ನಾಡಿಗಾಗಿ ಕಾದಿದವರು ಇದ್ದರು. ಮೊದಲು ಸುಮ್ಮನಿದ್ದು ಕಂದಾಯದ ಬಿಸಿ ತಟ್ಟಿದ ಮೇಲೆ ಎದ್ದವರು ಇದ್ದರು. ಕೊಡವರಲ್ಲಿ, ಗೌಡರಲ್ಲಿ, ಬ್ರಾಹ್ಮಣರಲ್ಲಿ, ಯಾವ ಜನದಲ್ಲಿಯೂ ಎಲ್ಲರೂ ಒಂದೇ ಕಡೆ ನಿಲ್ಲಲಿಲ್ಲ. ಒಂದು ನಾಡು ತನ್ನನ್ನು ತಾನೇ ಕೊಟ್ಟುಕೊಂಡಿತೆಂಬುದು ಪಡೆದುಕೊಂಡವರು ಬರೆದಿಟ್ಟ ರಸೀತಿ. ರಸೀತಿಯಲ್ಲಿ ಕೊಟ್ಟವರೆಲ್ಲರ ಸಹಿ ಇದೆಯೇ ಎಂದು ನೋಡಬೇಕಾದ ಹೊಣೆ ನಮ್ಮದು.

6

ಕೊನೆಯದಾಗಿ, ನಾಡಿನಿಂದ ದೂರದಲ್ಲಿರುವ ನಮ್ಮಂಥವರಿಗೆ ಈ ಕಥೆಯೊಡನೆ ಇರುವ ಸಂಬಂಧವನ್ನು ಕುರಿತು ಒಂದೆರಡು ಮಾತು.

ಪದಚ್ಯುತನಾದ ಅರಸನನ್ನು ಮೊದಲು ವೆಲ್ಲೂರಿಗೂ ಅನಂತರ ಕಾಶಿಗೂ ಕಳುಹಿಸಿದರು. ಕಂಪೆನಿಯ ಬಳಿ ತನ್ನ ಮನೆತನದವರು ಇಟ್ಟಿದ್ದ ಹಣವು ತನಗೆ ಸೇರಬೇಕೆಂದು ಅವನು ಇಂಗ್ಲೆಂಡಿನಲ್ಲಿ ಕಂಪೆನಿಯ ಮೇಲೆಯೇ ದಾವೆ ಹೂಡಿದನು. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅವನ ದೇಹವು ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾಯಿತು. ಮರುವರ್ಷ ದಾವೆಯೂ ಬಿದ್ದುಹೋಯಿತು. ಗೌರಮ್ಮನು 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ 1864ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನೊಳಗೆ, ಕಣ್ಣುಮುಚ್ಚಿದಳು. ತಾಯ್ನಾಡಿನ ಮಾತು ಸುತ್ತಲೂ ಕೇಳದ ಊರಿನಲ್ಲಿ ಇಪ್ಪತ್ತೈದು ವರ್ಷ ಬಾಳಿದ ಆ ಅರಸನ ಬದುಕಿನ ಉತ್ತರಾರ್ಧವನ್ನು ಪರಊರಿನ ಕನ್ನಡಿಗನು ಓದುವಾಗ, ಅವನ ಪಾಪಗಳನ್ನು ಮರೆಯದೆಯೂ, ಮನಸ್ಸಿನಲ್ಲಿ ಏನೋ ಕಲಕಿದಂತಾಗುತ್ತದೆ. ನಾವು ಹೊಟ್ಟೆಪಾಡಿಗಾಗಿ ಇಷ್ಟಪಟ್ಟು ಬಂದವರು. ಅವನನ್ನು ತಂದು ಬಿಟ್ಟರು. ಅಷ್ಟೇ ವ್ಯತ್ಯಾಸವಲ್ಲದಿದ್ದರೂ ಮೊಮ್ಮಕ್ಕಳ ಕಾಲಕ್ಕೆ ಭಾಷೆ ಜಾರಿಹೋಗುವ ದುಃಖ ಇಬ್ಬರಿಗೂ ಒಂದೇ.

ಆದರೆ ದೂರವಿರುವುದರಿಂದ ನಮಗೊಂದು ಅನುಕೂಲವೂ ಇದೆ. ಅದನ್ನು ನಾವು ಗಮನಿಸಿದಂತಿಲ್ಲ. ಕೊಡಗಿನ ಕನ್ನಡ ಆಕರಗಳಲ್ಲಿ ದೊಡ್ಡವೀರರಾಜನು ಬರೆಸಿದ ‘ರಾಜೇಂದ್ರನಾಮೆ’ಯೂ ಲಿಂಗರಾಜನ ಹುಕುಂನಾಮೆಯೂ ಪ್ರಸಿದ್ಧವಾದವು. ಜನಪದದ ಕಡೆಯಿಂದ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಇದೆ. ಕಂಪೆನಿಯ ಪಕ್ಷದ ಕಾಗದಗಳಾದರೋ ಮಡಿಕೇರಿಯಲ್ಲಿಯೇ ಉಳಿದಿಲ್ಲ. ನಾವು ವಾಸಿಸುವ ಊರುಗಳಿಗೆ ಹೋಗಿವೆ. ಗವರ್ನರ್ ಜನರಲ್ಲನ ವಿದೇಶಾಂಗ ಇಲಾಖೆಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮದ್ರಾಸು ಸರ್ಕಾರದ ದಾಖಲೆಗಳು ಚೆನ್ನೈಯ ಎಗ್ಮೋರಿನಲ್ಲಿವೆ. 1790ರ ಒಡಂಬಡಿಕೆಯ ಕಾಲದಲ್ಲಿ ತಲಚೇರಿಯು ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಆ ಕಾಲದ ಸಂಬಂಧವನ್ನು ಮುಂಬಯಿಯ ಪತ್ರಾಗಾರದಲ್ಲಿಯೂ ಹುಡುಕಬೇಕು. ಘೋಷಣೆ ಹೊರಡಿಸಿದ ಫ್ರೇಸರನು 1838ರಿಂದ 1852ರವರೆಗೆ ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದನು. ಅವನ ಪತ್ರವ್ಯವಹಾರವನ್ನು ಅವನ ಮಗನು 1885ರಲ್ಲಿ ಅಚ್ಚುಹಾಕಿಸಿದನು. ಊರಿನಲ್ಲಿರುವ ವಿದ್ವಾಂಸರು ರಜೆ ಹಾಕಿ, ರೈಲು ಹತ್ತಿ ಬರಬೇಕಾದ ಸ್ಥಳಗಳಿಗೆ ನಾವು ನಗರದ ಬಸ್ಸಿನಲ್ಲಿ ಹೋಗಬಹುದು.

ನಮ್ಮ ಸಂಘಗಳು ಹಬ್ಬ, ನಾಟಕ, ಸನ್ಮಾನಗಳನ್ನು ನಡೆಸುವುದು ಅವಶ್ಯಕ. ಜೊತೆಗೆ ಪ್ರತಿಯೊಂದು ನಗರದಲ್ಲಿಯೂ ನಿವೃತ್ತರಾದ ಇಬ್ಬರು ಮೂವರು ವಾರಕ್ಕೊಂದು ಮಧ್ಯಾಹ್ನವನ್ನು ಪತ್ರಾಗಾರದಲ್ಲಿ ಕಳೆದು, 1834ಕ್ಕೆ ಸಂಬಂಧಿಸಿದ ಕಾಗದಗಳ ಒಂದು ಪಟ್ಟಿಯನ್ನು ಕನ್ನಡದಲ್ಲಿ ಮಾಡಿದರೆ ಅದು ಒಂದು ಪ್ರಶಸ್ತಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆ ಕೆಲಸಕ್ಕೆ ನಮ್ಮನ್ನು ಎಬ್ಬಿಸುವ ಶಕ್ತಿ ಒಣ ಚರಿತ್ರೆಗೆ ಇರಲಿಲ್ಲ, ಕಾದಂಬರಿಗೆ ಇತ್ತು. ದಟ್ಟವಾದ ಐತಿಹಾಸಿಕ ಕಾದಂಬರಿಯೊಂದು ಓದುಗನಿಗೆ ಮಾಡುವ ದೊಡ್ಡ ಉಪಕಾರ ಇದೇ ಎಂದು ನನಗೆ ತೋರುತ್ತದೆ.

ನಮ್ಮ ಹಿರಿಯರಿಗೆ ಈ ಲೇಖನದ ಸಾರವನ್ನು ಮೊನ್ನೆ ಹೇಳಿದೆ. ಅವರು ಕೇಳಿ, ‘ಹಾಗಾದರೆ ಅವಳಿಗೆ ಹೌದು ಎಂದೂ ಹೇಳಬಾರದು, ಅಲ್ಲ ಎಂದೂ ಹೇಳಬಾರದು’ ಎಂದರು. ‘ಯಾರು ಬರೆದದ್ದೆಂದು ಕೇಳಿ ನೋಡು ಎಂದು ಹೇಳಿ’ ಎಂದೆ. ‘ಅದನ್ನು ಕೇಳಲು ಅವಳು ಮೊದಲು ಕನ್ನಡ ಕಲಿಯಬೇಕಾಗುತ್ತದೆ’ ಎಂದರು ಅವರು. ಮುಂದಿನ ಭಾನುವಾರದಿಂದ ಸಂಘದ ಕನ್ನಡ ತರಗತಿಗೆ ಆ ಹುಡುಗಿ ಬರುತ್ತಾಳೆಂದು ತಿಳಿದಿದೆ.